ಕೇಳುವವರಿಲ್ಲದ ತಂತಿ

ಮಂಗಳವಾರ ಬೆಳಿಗ್ಗೆಯಿಂದ ತಂಗಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಫೀಸಿನ ಮೇಜಿನ ಮೇಲೆ ಕ್ರೇನಿಗೆ ಹಾಕುವ ಸ್ಕ್ರೀನು, ಅದರ ಬೆನ್ನಿಗೆ ಅದನ್ನು ನಡೆಸುವ ಪುಟ್ಟ ಪೆಟ್ಟಿಗೆ, ಪೆಟ್ಟಿಗೆಗೆ ಸಿಕ್ಕಿಸಿದ ಕ್ಯಾಮೆರಾ, ಕ್ಯಾಮೆರಾದ ಮುಂದೆ ಮನೆಯ ಅಡುಗೆಕೋಣೆಯಿಂದ ಕಿತ್ತು ತಂದ ಗೋಡೆ ಗಡಿಯಾರ. ಗಡಿಯಾರದ ಸೆಕೆಂಡಿನ ಮುಳ್ಳು ಸ್ಕ್ರೀನಿನ ಮೇಲೆ ಸುತ್ತು ಹೊಡೆಯುತ್ತಿತ್ತು. ಅದು ಒಂದು ಸಲ, ಒಂದೇ ಒಂದು ಸಲ ನಿಲ್ಲಲಿ ಎಂದು ಅವಳು ಕಾಯುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ಇವಳೋ ತಾನು ಹೆತ್ತದ್ದು ಎಡವಿ ಬೀಳಲಿ ಎಂದು ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಮುಳ್ಳಿಗೆ ಅವಳ ಮೇಲೆ ಎಳ್ಳಷ್ಟೂ ಕರುಣೆ ಇರಲಿಲ್ಲ. ಅದು ನಿಲ್ಲಲಿಲ್ಲ.

ಅದು ನಿಲ್ಲದಿದ್ದರೆ ಗುರುವಾರ ಅಕ್ಕನ ಲೈಸೆನ್ಸು ಹೋಗುತ್ತಿತ್ತು.

ಅಕ್ಕ ಬಂದರಿನಲ್ಲಿ ಕ್ರೇನ್ ನಡೆಸುವವಳು. ಇಪ್ಪತ್ತೆರಡು ವರ್ಷದಿಂದ ಹಡಗಿನ ಕಂಟೇನರುಗಳನ್ನು ಎತ್ತಿ ಲಾರಿಗಳ ಮೇಲೆ ಇಳಿಸುತ್ತಿದ್ದಾಳೆ. ಕಂಟೇನರ್ ಕೂತದ್ದು ಲಾರಿಯವನಿಗೆ ಗೊತ್ತೇ ಆಗುವುದಿಲ್ಲ, ಹಾಗೆ ಕೂರಿಸುತ್ತಾಳೆ ಎಂದು ಆಕೆಯ ಹೆಸರು. ಆರು ತಿಂಗಳ ಹಿಂದೆ ಆ ಬಂದರಿನ ಹನ್ನೆರಡು ಕ್ರೇನುಗಳಿಗೆ ಹೊಸ ಸ್ಕ್ರೀನುಗಳು ಬಂದವು. ಎತ್ತುವ ಕೊಂಡಿಯ ಕೆಳಗೊಂದು ಕ್ಯಾಮೆರಾ, ಮೇಲೆ ಕ್ಯಾಬಿನ್ನಿನಲ್ಲಿ ಅದರ ಚಿತ್ರ. ಬಗ್ಗಿ ನೋಡಿ ಕತ್ತು ನೋಯಿಸಿಕೊಳ್ಳುವ ಕಾಲ ಮುಗಿಯಿತು ಎಂದು ಎಲ್ಲರಿಗೂ ಖುಷಿ. ಸ್ಕ್ರೀನು ತಂಗಿಯ ಕಂಪನಿಯದು. ಕ್ಯಾಮೆರಾದ ಚಿತ್ರವನ್ನು ಸ್ಕ್ರೀನಿಗೆ ಮುಟ್ಟಿಸುವ ಗ್ರಾಫಿಕ್ಸ್ ಡ್ರೈವರ್, ಅಂದರೆ ಪೆಟ್ಟಿಗೆಯ ಹೊಟ್ಟೆಯೊಳಗಿನ ಆಪರೇಟಿಂಗ್ ಸಿಸ್ಟಮ್ಮಿನ ತೀರಾ ಒಳಪದರದಲ್ಲಿ, ಕರ್ನೆಲ್ಲಿನಲ್ಲಿ ಕೂತು ಕೆಲಸ ಮಾಡುವ ತಂತ್ರಾಂಶ, ತಂಗಿ ಕೈಯಾರೆ ಬರೆದದ್ದು. ಅಮ್ಮ ಬಂದವರ ಮುಂದೆಲ್ಲ ಹೇಳಿಕೊಂಡಿದ್ದಳು: "ದೊಡ್ಡವಳು ಕ್ರೇನ್ ಡ್ರೈವರ್ರು, ಚಿಕ್ಕವಳು ಅದೇನೋ ಡ್ರೈವರ್ ಬರೀತಾಳಂತೆ. ಇಬ್ರೂ ಡ್ರೈವರ್‌ಗಳೇ, ನನ್ನ ಮಾತ್ರ ಒಂದಿನಾನೂ ಎಲ್ಲಿಗೂ ಕರ್ಕೊಂಡು ಹೋಗಿಲ್ಲ."

ಸೋಮವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಏಳನೇ ಕ್ರೇನಿನಿಂದ ಇಳಿಯುತ್ತಿದ್ದ ಕಂಟೇನರಿನ ಒಂದು ಮೂಲೆ ಲಾರಿಯ ಕ್ಯಾಬಿನ್ನಿಗೆ ತಾಗಿತು. ತಗಡು ಒಳಕ್ಕೆ ಕುಸಿದು, ಒಳಗಿದ್ದ ಲಾರಿಯವನ ಹೆಗಲ ಮೂಳೆ ಮುರಿಯಿತು. ಏಳನೇ ಕ್ರೇನಿನಲ್ಲಿ ಇದ್ದವಳು ಅಕ್ಕ. "ಚಿತ್ರ ನಿಂತ್ಬಿಡ್ತು. ಒಂದು ಉಸಿರು ನಿಂತಿತ್ತು. ಮತ್ತೆ ಬಂದಾಗ ಕಂಟೇನರ್ ಅಲ್ಲಿರಲಿಲ್ಲ, ಲಾರಿ ಮೇಲಿತ್ತು" ಎಂದು ಅವಳು ಹೇಳಿದಳು. ಅದನ್ನು ಬರೆದುಕೊಂಡರು. ಬರೆದುಕೊಳ್ಳುವುದಕ್ಕೂ ನಂಬುವುದಕ್ಕೂ ಬಹಳ ದೂರ.

ಪೆಟ್ಟಿಗೆ ತನ್ನ ಲೆಕ್ಕವೊಂದನ್ನು ಇಟ್ಟಿತ್ತು. ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಿದೆ ಎಂಬುದರ ಸರಾಸರಿಯನ್ನು ನಿಮಿಷಕ್ಕೊಂದು ಸಲ ಬರೆದಿಡುತ್ತಿತ್ತು. ಮೂವತ್ತು ಇರಬೇಕು, ಇಪ್ಪತ್ತೆಂಟಕ್ಕಿಂತ ಇಳಿದರೆ ಮಾತ್ರ ದೋಷ. ಒಂಬತ್ತೂ ಇಪ್ಪತ್ತರ ನಿಮಿಷದ ಮುಂದೆ ಇಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು ಎಂದಿತ್ತು.

"ಇಪ್ಪತ್ತೆಂಟಕ್ಕಿಂತ ಮೇಲಿದೆಯಲ್ಲಮ್ಮ," ಎಂದು ಕಂಪನಿಯ ಮುಖ್ಯಸ್ಥ ತಂಗಿಯ ಮೇಜಿನ ಹತ್ತಿರ ಬಂದು ನಿಂತ. ಈ ಮನುಷ್ಯನಿಗೆ ಆಫೀಸಿನಲ್ಲಿ 'ಆಗ್ಲಿ-ನೋಡೋಣ' ಎಂದೇ ಹೆಸರು. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಅದೇ ಉತ್ತರ. ಇವತ್ತು ಮಾತ್ರ ಕೈಯಲ್ಲಿ ಒಂದು ಕಾಗದ ಹಿಡಿದು ಬಂದಿದ್ದ. "ನಮ್ಮ ಚಿತ್ರದಲ್ಲಿ ದೋಷ ಇಲ್ಲ ಅಂತ ಪತ್ರ ಹೋಗ್ಬೇಕು. ಡ್ರೈವರ್ ಬರೆದೋರು ಸಹಿ ಹಾಕಿದ್ರೆ ಚೆನ್ನಾಗಿರುತ್ತೆ. ಗುರುವಾರ ಹನ್ನೊಂದಕ್ಕೆ ವಿಚಾರಣೆ."

"ಸರಾಸರಿ ಅಷ್ಟೇ ಅದು ಸರ್. ಒಂಬತ್ತು ದಿನ ಉಪವಾಸ ಇದ್ದು ಹತ್ತನೇ ದಿನ ಹತ್ತು ಊಟ ಮಾಡಿದ್ರೂ ಸರಾಸರಿ ದಿನಕ್ಕೊಂದು ಊಟಾನೇ."

"ನಿನ್ನ ಮೇಜಿನ ಮೇಲೆ ನಿಲ್ತಾ ಇದೆಯಾ?"

"ಇಲ್ಲ."

"ಮತ್ತೆ?"

 ತಂಗಿ ಕ್ಯಾಮೆರಾದ ತಂತಿ ಕಿತ್ತು ನೋಡಿದ್ದಳು, ಪೆಟ್ಟಿಗೆಯನ್ನು ಬಿಸಿ ಮಾಡಿ ನೋಡಿದ್ದಳು, ಕುಲುಕಿ ನೋಡಿದ್ದಳು. ತಂತಿ ಅಲುಗಿದಾಗ ಚಿತ್ರ ಒಮ್ಮೆ ಮಿಣುಕಿ ಸರಿಯಾಗುತ್ತಿತ್ತು, ಅಷ್ಟೇ. ಕ್ರೇನಿನಲ್ಲಿದ್ದವಳು ತನ್ನ ಒಡಹುಟ್ಟಿದವಳು ಎಂದು ಅವಳು ಮುಖ್ಯಸ್ಥನಿಗೆ ಹೇಳಿರಲಿಲ್ಲ. ಕಾಗದವನ್ನು ತೆಗೆದುಕೊಂಡು ಕೀಬೋರ್ಡಿನ ಕೆಳಗಿಟ್ಟಳು. ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಅದರ ತುದಿ ಚಪ್ಪಟೆಯಾಗಿತ್ತು. ಸಂಜೆಯ ಹೊತ್ತಿಗೆ ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಕೆಟ್ಟ ಯೋಚನೆ ಕಾಲು ಚಾಚಿ ಕೂತಿತು. ಯಂತ್ರ ಸರಿ ಇದ್ದರೆ ತಪ್ಪು ಯಾರದು?

ಮನೆಯ ಕೆಳಗಿನ ಮಹಡಿಯಲ್ಲಿ ಅಕ್ಕ, ಮೇಲಿನದರಲ್ಲಿ ತಂಗಿ. ಅಮ್ಮನಿಗೆ ಸ್ವಂತ ಮಹಡಿ ಇಲ್ಲ, ಸ್ವಂತ ದಿಂಬು ಇದೆ. ಅವತ್ತಿನ ಮಟ್ಟಿಗೆ ಯಾವ ಮಗಳ ಕಡೆ ನ್ಯಾಯ ಇದೆ ಅನ್ನಿಸುತ್ತದೋ ಆ ಮಗಳ ಮನೆಯಲ್ಲಿ ದಿಂಬು. ತಂಗಿ ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕೂತು ಕೆಲಸದ ಬೂಟು ಉಜ್ಜುತ್ತಿದ್ದಳು.

"ನಾಳೆ ಹೋಗೋದಿಲ್ವಲ್ಲ, ಬೂಟು ಯಾಕೆ?"

"ಕೈಗೆ ಕೆಲಸ ಬೇಡ್ವಾ? ಸುಮ್ನೆ ಕೂತ್ರೆ ಕೈ ತಾನೇ ಲಿವರ್ ಹುಡುಕುತ್ತೆ."

ತಂಗಿ ಎರಡು ಮೆಟ್ಟಿಲು ಕೆಳಗೆ ಕೂತಳು. ಚಿಕ್ಕಂದಿನಲ್ಲೂ ಹಾಗೇ ಕೂರುತ್ತಿದ್ದಳು. ಬಚ್ಚಲಲ್ಲಿ ಹಲ್ಲಿ ಕಂಡರೆ ಅಕ್ಕಾ, ಲೆಕ್ಕ ಬಿಡಿಸಲಾಗದಿದ್ದರೆ ಅಕ್ಕಾ, ಪೆನ್ಸಿಲ್ಲಿನ ಮೊನೆ ಮುರಿದರೆ ಅಕ್ಕಾ. ಆ ಮಗು ಅಮ್ಮಾ ಅಂದದ್ದಕ್ಕಿಂತ ಅಕ್ಕಾ ಅಂದದ್ದೇ ಹೆಚ್ಚು ಎಂದು ಅಮ್ಮನಿಗೆ ಇವತ್ತಿಗೂ ಒಂದು ಸಣ್ಣ ಹೊಟ್ಟೆಕಿಚ್ಚು.

"ಚಿತ್ರ ಎಷ್ಟು ಹೊತ್ತು ನಿಂತಿತ್ತು, ಸರಿಯಾಗಿ ಹೇಳು."

"ಹೇಳಿದ್ನಲ್ಲ, ಒಂದು ಉಸಿರು."

"ಉಸಿರು ಅಂದ್ರೆ ಎಷ್ಟು ಸೆಕೆಂಡು?"

"ನಾನು ಉಸಿರಾಡ್ತಿದ್ನೋ, ಗಡಿಯಾರ ನೋಡ್ತಿದ್ನೋ?"

"ಇಡೀ ದಿನ ನೋಡ್ದೆ ಅಕ್ಕ. ನಿಲ್ಲೋದೇ ಇಲ್ಲ ಅದು."

"ನಿಂತಿತ್ತು."

ಇಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಇಡೀ ದಿನ ನಿಲ್ಲದ ಮುಳ್ಳನ್ನು ನೋಡಿ ಅವಳ ತಲೆ ಕೆಟ್ಟು ಹೋಗಿತ್ತು. "ಭಾನುವಾರ ಅಮ್ಮಂಗೆ ಕೆಮ್ಮು ಅಂತ ನೀನು ತುಂಬಾ ಹೊತ್ತು ಎದ್ದಿದ್ದೆ ಅಲ್ವಾ? ಬೆಳಿಗ್ಗೆ ನಿಂಗೆ... ನಿದ್ದೆ ಏನಾದ್ರೂ ಬಂದಿತ್ತಾ?"

ಬ್ರಷ್ಷು ನಿಂತಿತು. ಅಕ್ಕ ಬೈಯುತ್ತಾಳೆ, ಬೂಟನ್ನೇ ಎಸೆಯುತ್ತಾಳೆ ಎಂದು ತಂಗಿ ಕಾದಳು. ಬೈದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಅಕ್ಕ ಎರಡೂ ಬೂಟುಗಳನ್ನು ಜೋಡಿಸಿ ಮೂಲೆಗಿಟ್ಟು, "ಇಪ್ಪತ್ತೆರಡು ವರ್ಷ" ಎಂದಷ್ಟೇ ಹೇಳಿ ಒಳಗೆ ಹೋದಳು. ಬಾಗಿಲನ್ನೂ ಬಡಿಯಲಿಲ್ಲ. ಕಂಟೇನರ್ ಇಳಿಸಿದ ಹಾಗೆ ಸದ್ದಿಲ್ಲದೆ ಮುಚ್ಚಿದಳು. ಹತ್ತು ನಿಮಿಷ ಬಿಟ್ಟು ಅಮ್ಮ ಮೇಲಿನಿಂದ ದಿಂಬು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದು, ಚಿಕ್ಕ ಮಗಳ ಮುಖ ನೋಡದೆ ದೊಡ್ಡ ಮಗಳ ಮನೆಗೆ ಹೋದಳು.

ಬುಧವಾರ ಬೆಳಿಗ್ಗೆ ತಂಗಿ ಆಫೀಸಿಗೆ ಹೋಗಲಿಲ್ಲ. ಹೋಗಿ ಮತ್ತೆ ಆ ಮುಳ್ಳಿನ ಮುಖ ನೋಡುವ ಶಕ್ತಿ ಇರಲಿಲ್ಲ. ಬಸ್ಸು ಹತ್ತಿ, ಆಫೀಸಿಗೆ ಎರಡು ನಿಲ್ದಾಣ ಮುಂಚೆಯೇ ಇಳಿದು ನಡೆದು, ಮತ್ತೆ ಇನ್ನೊಂದು ಬಸ್ಸು ಹತ್ತಿ ಬಂದರಿಗೆ ಹೋದಳು. ಅವಳು ನೋಡದೆ ಉಳಿದದ್ದು ಒಂದೇ ಇತ್ತು: ಏಳನೇ ಕ್ರೇನಿನಿಂದ ಇಳಿಸಿದ ನಿಜವಾದ ಪೆಟ್ಟಿಗೆ. ಅದು ಬಂದರಿನ ರಿಪೇರಿ ಶೆಡ್ಡಿನಲ್ಲಿತ್ತು.

ಶೆಡ್ಡಿನ ಯಜಮಾನನನ್ನು ಎಲ್ಲರೂ ವೈರಣ್ಣ ಎನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಅವನಿಗೇ ನೆನಪಿತ್ತೋ ಇಲ್ಲವೋ. ಹನ್ನೆರಡು ಕ್ರೇನುಗಳಿಗೂ ಸ್ಕ್ರೀನು ಜೋಡಿಸಿದವನು ಅವನೇ. ಕಪಾಟಿನಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು, ಕರೆಂಟು ಕೊಡುವ ಮೊದಲು ಅದರ ಹಿಂದಿದ್ದ ರಬ್ಬರಿನ ಬಿರಡೆ ತೆಗೆದು ಒಂದು ದಪ್ಪ ತಂತಿ ಸಿಕ್ಕಿಸಿದ. ತಂತಿಯ ಇನ್ನೊಂದು ತುದಿಯಲ್ಲಿ ಇಟ್ಟಿಗೆಯಷ್ಟು ದಪ್ಪದ ಹಳೆಯ ಉಪಕರಣ, ಅದಕ್ಕೊಂದು ಹಸಿರು ಅಕ್ಷರದ ಪುಟ್ಟ ಪರದೆ.

"ಅದೇನು?" ಎಂದಳು ತಂಗಿ.

"ಪೆಟ್ಟಿಗೆ ಎದ್ದಿದ್ಯೋ ಇಲ್ವೋ ನೋಡೋಕೆ. ಏಳ್ತಾ ಏನೇನೋ ಗೊಣಗುತ್ತಲ್ಲ, ಅದು ಇದರಲ್ಲಿ ಕಾಣುತ್ತೆ."

ತಂಗಿಗೆ ಅದು ಗೊತ್ತಿತ್ತು. ಕರ್ನೆಲ್ ತನಗೆ ಆದದ್ದನ್ನೆಲ್ಲ ಒಂದೊಂದೇ ಸಾಲಾಗಿ ಹೇಳಿಕೊಳ್ಳುತ್ತದೆ. ಆ ಸಾಲುಗಳು ಹೋಗಿ ಬೀಳುವ ಜಾಗಕ್ಕೆ ಕನ್ಸೋಲ್ ಎನ್ನುತ್ತಾರೆ. ಮೊದಲು, ಬಂದರಿಗೆ ಬರುವುದಕ್ಕೂ ಮುಂಚೆ, ಅವು ಸ್ಕ್ರೀನಿನ ಮೇಲೇ, ಚಿತ್ರದ ಹಿಂದೆಯೇ ಬಂದು ಬೀಳುತ್ತಿದ್ದವು. ಅದರಿಂದ ಚಿತ್ರ ನಿಧಾನವಾಗುತ್ತಿತ್ತು. ಎಂಟು ತಿಂಗಳ ಹಿಂದೆ ಸ್ಕ್ರೀನಿನ ಕನ್ಸೋಲನ್ನು ಮುಚ್ಚಿ, ಇಪ್ಪತ್ತೆರಡಕ್ಕೆ ಏದುಸಿರು ಬಿಡುತ್ತಿದ್ದ ಚಿತ್ರವನ್ನು ಮೂವತ್ತಕ್ಕೆ ಏರಿಸಿದವಳು ಇವಳೇ. ಆಗ್ಲಿ-ನೋಡೋಣ ಕೂಡ ಅವತ್ತು ಚಪ್ಪಾಳೆ ತಟ್ಟಿದ್ದ.

"ಈ ತಂತಿಗೆ ಎಷ್ಟು ವೇಗ ಇಟ್ಟಿದ್ದೀರಿ?"

"ಒಂಬತ್ತು ಸಾವಿರದ ಆರುನೂರು. ಈ ಇಟ್ಟಿಗೆ ನನ್ನ ಮದ್ವೆಗಿಂತ ಹಳೇದು ಕಣಮ್ಮ. ಅದಕ್ಕಿಂತ ಜೋರಾಗಿ ಮಾತಾಡಿದ್ರೆ ಇದಕ್ಕೆ ಕಿವಿ ಕೇಳಲ್ಲ. ಅದಕ್ಕೇ ಪೆಟ್ಟಿಗೇಲೂ ಹಾಗೇ ಬರೆದಿಡ್ತೀನಿ, ನಿಧಾನ ಮಾತಾಡು ಅಂತ."

"ನೋಡಿ ಆದ್ಮೇಲೆ ಅದನ್ನ ತೆಗೀತೀರಾ?"

"ತಂತಿ ತೆಗೀತೀನಿ. ಬರೆದದ್ದು ಯಾಕೆ ತೆಗೀಲಿ? ಮುಂದಿನ ಸಲ ಮತ್ತೆ ಬರೀಬೇಕಾಗುತ್ತೆ."

ತಂಗಿ ಬಗ್ಗಿ ತಂತಿ ಸಿಕ್ಕಿಸಿದ ತೂತನ್ನು ನೋಡಿದಳು. ಅವಳ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಆ ತಂತಿಯ ಕನ್ಸೋಲೇ ಇರಲಿಲ್ಲ. ಗೊಣಗಿದ್ದು ಎಲ್ಲಿಗೂ ಹೋಗದೆ ನೆನಪಿನಲ್ಲಿ ಬಿದ್ದು, ಕರೆಂಟು ಹೋದಾಗ ಅಳಿಸಿ ಹೋಗುತ್ತಿತ್ತು. ಇಲ್ಲಿ, ಹನ್ನೆರಡು ಕ್ರೇನುಗಳ ತುದಿಯಲ್ಲಿ, ಪೆಟ್ಟಿಗೆ ಆರು ತಿಂಗಳಿಂದ ಒಂದೊಂದೇ ಅಕ್ಷರವನ್ನು ಒಂದು ಖಾಲಿ ತೂತಿಗೆ ಹೇಳುತ್ತಿತ್ತು. ಆಚೆ ಕಡೆ ಯಾರೂ ಇಲ್ಲ ಎಂದು ಅದಕ್ಕೆ ತಿಳಿಯುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸುವವನಿಗೆ ಕೋಣವಾದರೂ ಇರುತ್ತದೆ.

ಆದರೆ ಏನು ಹೇಳುತ್ತಿತ್ತು? ಸುಮ್ಮನೆ ಓಡುವಾಗ ಅದು ಏನೂ ಹೇಳಬಾರದು. ತುರ್ತಿನ ಮಾತಿದ್ದರೆ ಮಾತ್ರ ಹೇಳಬೇಕು.

"ಕ್ಯಾಮೆರಾ ಹಾಕಿ," ಎಂದಳು. ವೈರಣ್ಣ ಹಾಕಿದ. ಕ್ಯಾಮೆರಾದ ಮುಂದೆ ಅವನ ಕೈಗಡಿಯಾರ ಬಿಚ್ಚಿಸಿ ಇಟ್ಟಳು. ಸ್ಕ್ರೀನಿನ ಮೇಲೆ ಮುಳ್ಳು ಓಡಿತು. ಕ್ಯಾಮೆರಾದ ತಂತಿಯ ಬುಡ ಹಿಡಿದು, ಕ್ರೇನಿನ ಕೊಂಡಿ ಅದುರುವ ಹಾಗೆ, ಅರೆಗಳಿಗೆ ಕುಲುಕಿದಳು.

ಮುಳ್ಳು ನಿಂತಿತು.

ಮೇಜಿನ ಮೇಲಿನ ಕೈಗಡಿಯಾರದಲ್ಲಿ ಮುಳ್ಳು ಮುಂದೆ ಹೋಯಿತು. ಸ್ಕ್ರೀನಿನ ಮುಳ್ಳು ನಿಂತೇ ಇತ್ತು. ಒಂದು ಉಸಿರು, ಅಕ್ಕ ಹೇಳಿದಷ್ಟೇ. ಆಮೇಲೆ ಹಾರಿ ಹೋಗಿ ಸೇರಿಕೊಂಡಿತು. ತಂಗಿ ಸ್ಟೂಲು ಎಳೆದು ಕೂತಳು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಕೂರಬೇಕು ಅನ್ನಿಸಿತು.

"ಇದ್ಯಾರಮ್ಮ ಅಕ್ಕ?" ಎಂದ ವೈರಣ್ಣ, ಇಟ್ಟಿಗೆಯ ಹಸಿರು ಪರದೆಗೆ ಬಗ್ಗಿ.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಸಾಲು, ಒಂದರ ಕೆಳಗೊಂದು ಇಪ್ಪತ್ತು ಸಲ ಬಿದ್ದಿತ್ತು. ಅಕ್ಕಾ ಅಕ್ಕಾ ನೋಡು, ಚಿತ್ರ ಕೆಟ್ಟು ಬಂತು, ಅದರ ಮುಂದೊಂದು ಸಂಖ್ಯೆ. ಅಕ್ಕಾ ಅಕ್ಕಾ ನೋಡು. ಅಕ್ಕಾ ಅಕ್ಕಾ ನೋಡು.

ಇದು ಇಂಥ ಕೆಲಸದವರು ಮಾತ್ರ ಮಾಡುವ ತಪ್ಪು. ಡ್ರೈವರ್ ಬರೆಯುವಾಗ ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಅಲ್ಲಲ್ಲಿ ಒಂದೊಂದು ಸಾಲು ಬರೆದಿಡುತ್ತಾರೆ, ಇಲ್ಲಿಗೆ ಬಂದೆ, ಇದನ್ನು ಕಂಡೆ ಎಂದು ಅದು ಹೇಳಲಿ ಅಂತ. ಸಾವಿರ ಸಾಲುಗಳ ನಡುವೆ ತನ್ನದು ಯಾವುದು ಎಂದು ಥಟ್ಟನೆ ಕಾಣಲು ಪ್ರತಿಯೊಬ್ಬರೂ ಒಂದೊಂದು ಗುರುತು ಇಟ್ಟುಕೊಂಡಿರುತ್ತಾರೆ. ಕೆಲವರದು ನಾಯಿಯ ಹೆಸರು, ಕೆಲವರದು ಬೈಗುಳ. ತಂಗಿಯ ಗುರುತು 'ಅಕ್ಕಾ'. ಕರ್ನೆಲ್ಲಿನಲ್ಲಿ ಬೇರೆ ಯಾರೂ ಆ ಪದ ಬರೆದಿರುವುದಿಲ್ಲವಲ್ಲ. ಕಣ್ಣಿಗೆ ಬೀಳಲೇಬೇಕು ಎಂದು ಆ ಸಾಲಿಗೆ ಅತಿ ತುರ್ತು ಎಂಬ ದರ್ಜೆ ಕೊಟ್ಟಿದ್ದಳು. ಕರ್ನೆಲ್ಲಿಗೆ ಅತಿ ತುರ್ತು ಎಂದರೆ ಸಾಯುವವನ ಕೊನೆಯ ಮಾತಿನ ಹಾಗೆ. ಅದನ್ನು ಪೂರ್ತಿ ಹೇಳಿ ಮುಗಿಸುವ ತನಕ ಅದು ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ, ಚಿತ್ರಕ್ಕೂ ಇಲ್ಲ. ಕೆಲಸ ಮುಗಿದ ಮೇಲೆ ಸಾಲು ತೆಗೆದರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ಸ್ಕ್ರೀನಿನ ಕನ್ಸೋಲ್ ಮುಚ್ಚಿದಳು, ಸಾಲು ಕಾಣಿಸುವುದು ನಿಂತಿತು, ಕಾಣದ್ದು ಇಲ್ಲ ಎಂದು ಮರೆತಳು. ನಾಳೆ ಎಂದವನ ಮನೆ ಹಾಳು ಎಂದು ಹೇಳಿದವರು ಕರ್ನೆಲ್ ನೋಡಿರಲಿಲ್ಲ, ಆದರೆ ಮನುಷ್ಯರನ್ನು ನೋಡಿದ್ದರು.

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಸಾಲಿಗೆ ಅರವತ್ತು ಅಕ್ಷರ, ಅಕ್ಷರಕ್ಕೆ ಹತ್ತು ಬಿಟ್, ಒಂಬತ್ತು ಸಾವಿರದ ಆರುನೂರು ಬಿಟ್ ವೇಗ ಎಂದರೆ ಸೆಕೆಂಡಿಗೆ ಒಂಬೈನೂರ ಅರವತ್ತು ಅಕ್ಷರ, ಇಪ್ಪತ್ತು ಸಾಲಿಗೆ ಒಂದೂಕಾಲು ಸೆಕೆಂಡು. ಅಷ್ಟರಲ್ಲಿ ಕಂಟೇನರ್ ಎರಡು ಮೊಳ ಇಳಿಯುತ್ತದೆ. ಈಗಿನ ನಿಮಿಷಕ್ಕೆ ಪೆಟ್ಟಿಗೆ ಬರೆದಿಟ್ಟ ಸರಾಸರಿ ನೋಡಿದಳು. ಇಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು.

ಅಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ, ನಿದ್ದೆ ಬಂದಿರಲಿಲ್ಲ. ತಾನು ಬರೆದ ಸಾಲು ಯಾರೂ ಕೇಳದ ಕಡೆ ಅಕ್ಕಾ ಅಕ್ಕಾ ಎಂದು ಕೂಗುತ್ತ ಕೂತು, ಅಕ್ಕನ ಕಣ್ಣು ಕಟ್ಟಿತ್ತು. ತಂಗಿಗೆ ನಾಚಿಕೆಯಾಯಿತು. 

ವೈರಣ್ಣ ಮೆಲ್ಲಗೆ ಕೇಳಿದ. "ನಾನು ವೇಗ ಇಳಿಸಿದ್ದಕ್ಕೇನಮ್ಮಾ ಹೀಗಾಯ್ತು? ನಂಗೆ ರಿಟೈರಾಗೋಕೆ ಇನ್ನೆರಡು ವರ್ಷ ಇದೆ."

"ನೀವು ನಿಧಾನ ಮಾತಾಡು ಅಂದ್ರಿ ಅಷ್ಟೇ," ಎಂದಳು ತಂಗಿ. "ಸುಮ್ನಿರು ಅನ್ಬೇಕಾದವಳು ನಾನು."

ಮಧ್ಯಾಹ್ನ ಆಫೀಸಿಗೆ ಹೋಗಿ ಮುಖ್ಯಸ್ಥನಿಗೆ ಎಲ್ಲ ಹೇಳಿದಳು, ಕ್ರೇನಿನಲ್ಲಿದ್ದವಳು ಅಕ್ಕ ಎಂಬುದನ್ನೂ ಹೇಳಿದಳು. ಅವನು ಕುರ್ಚಿಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. "ತಂತಿ ಅದುರಿತ್ತು, ಚಿತ್ರ ಕೆಟ್ಟು ಬಂತು ಅಂತ ಹೇಳೋಣ. ಅದು ಸುಳ್ಳೇನಲ್ಲವಲ್ಲ. ನಿಮ್ಮಕ್ಕನೂ ಪಾರು, ನೀನೂ ಪಾರು. ಆ ಸಾಲನ್ನ ಇವತ್ತೇ ತೆಗೆದುಬಿಡು. ಅದು ಇತ್ತು ಅಂತ ಯಾರಿಗೆ ಗೊತ್ತು?"

ಆ ಮಾತು ಅವಳಿಗೆ ಹಿಡಿಸಲಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು. ಬಹಳ ಹಿಡಿಸಿತು. ಮೇಜಿಗೆ ಬಂದು ಡ್ರೈವರ್ ತೆರೆದು, ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಳು. ಸಾಲನ್ನೇ ತೆಗೆಯುವುದು ಬೇಡ, ಆ ಪದವನ್ನಾದರೂ ಬದಲಾಯಿಸೋಣ ಎಂದುಕೊಂಡಳು. ಅಕ್ಕಾ ಬದಲು 'ಎಚ್ಚರಿಕೆ' ಎಂದಿದ್ದರೆ ಗಂಭೀರವಾಗಿ ಕಾಣುತ್ತದೆ, ನಾಳೆ ಅಷ್ಟು ಜನರ ಮುಂದೆ ಮಾನವಾದರೂ ಉಳಿಯುತ್ತದೆ. ಎದ್ದು ನೀರು ಕುಡಿದು ಬಂದಳು. ಮತ್ತೆ ಎದ್ದು ಕಿಟಕಿಯ ತನಕ ಹೋಗಿ ಬಂದಳು. ತಂತಿ ಅದುರಿತು ಎಂದರೆ ಕೇಳುವವರು ಅರ್ಧ ನಂಬುತ್ತಾರೆ. ಕ್ರೇನ್ ಅಂದಮೇಲೆ ಅದುರದೆ ಇರುತ್ತದೆಯೇ, ನೀನು ನೋಡಿಕೊಳ್ಳಬೇಕಿತ್ತು ಎಂದು ಅಕ್ಕನ ಹೆಸರಿಗೆ ಒಂದು ಕಪ್ಪು ಚುಕ್ಕೆ ಉಳಿದೇ ಉಳಿಯುತ್ತದೆ. 'ಇಪ್ಪತ್ತೆರಡು ವರ್ಷ' ಎಂದಷ್ಟೇ ಹೇಳಿ ಒಳಗೆ ಹೋದವಳಿಗೆ ಅರ್ಧ ನಂಬಿಕೆ ತೆಗೆದುಕೊಂಡು ಹೋಗಿ ಕೊಡುವುದು ಹೇಗೆ? ತಂಗಿ ಡ್ರೈವರನ್ನು ಮುಟ್ಟದೆ ಮುಚ್ಚಿದಳು. ಕೀಬೋರ್ಡಿನ ಕೆಳಗಿನ ಕಾಗದ ತೆಗೆದು ಮುಖ್ಯಸ್ಥನ ಮೇಜಿನ ಮೇಲೆ ಸಹಿ ಇಲ್ಲದೆ ಇಟ್ಟಳು.

"ಆಗ್ಲಿ," ಎಂದ ಅವನು. ನೋಡೋಣ ಅನ್ನಲಿಲ್ಲ.

ಗುರುವಾರದ ವಿಚಾರಣೆಯ ಕೋಣೆಯ ಕಿಟಕಿಯಿಂದ ಕ್ರೇನುಗಳು ಕಾಣುತ್ತಿದ್ದವು. ಸುರಕ್ಷತಾ ಅಧಿಕಾರಿ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುವ ಜಾತಿಯ ಹೆಂಗಸು; ಆದರೆ ಕೇಳುವ ಪ್ರಶ್ನೆ ನೆಟ್ಟಗಿತ್ತು. ಒಂದು ಕಡೆ ಕೈಯನ್ನು ಕತ್ತಿಗೆ ಕಟ್ಟಿಕೊಂಡ ಲಾರಿಯವನು, ಗೋಡೆಯ ಪಕ್ಕ ಅಕ್ಕ. ಉಜ್ಜಿದ ಬೂಟು ಹಾಕಿಕೊಂಡು ಬಂದಿದ್ದಳು. ಮಂಗಳವಾರದಿಂದ ಅಕ್ಕ ತಂಗಿ ಒಂದು ಮಾತೂ ಆಡಿರಲಿಲ್ಲ.

ತಂಗಿ ಪೆಟ್ಟಿಗೆ, ಕ್ಯಾಮೆರಾ, ಗೋಡೆ ಗಡಿಯಾರ, ವೈರಣ್ಣನ ಇಟ್ಟಿಗೆ ಎಲ್ಲವನ್ನೂ ಜೋಡಿಸಿದಳು.  ಎಲ್ಲ ಸರಿಯಾದ ಮೇಲೆ ಅಧಿಕಾರಿ ಅಕ್ಕನನ್ನು ಮುಂದಕ್ಕೆ ಕರೆದು ಸ್ಕ್ರೀನಿನ ಎದುರು ಕೂರಿಸಿದಳು. "ಅವತ್ತು ನೀವು ನೋಡಿದ್ದು ಇದೇನಾ ಹೇಳಿ."

ತಂಗಿ ಕ್ಯಾಮೆರಾದ ತಂತಿ ಕುಲುಕಿದಳು. ಸ್ಕ್ರೀನಿನ ಮುಳ್ಳು ನಿಂತಿತು.

 ತೊಡೆಯ ಮೇಲಿದ್ದ ಅಕ್ಕನ ಬಲಗೈ ಇಲ್ಲದ ಲಿವರನ್ನು ಹಿಡಿದು ಫಕ್ಕನೆ ಹಿಂದಕ್ಕೆ ಎಳೆಯಿತು. ಎಳೆದೇ ಹಿಡಿದಿತ್ತು, ಮುಳ್ಳು ಮತ್ತೆ ಹೊರಡುವ ತನಕ. ಕೋಣೆಯಲ್ಲಿದ್ದವರೆಲ್ಲ ಆ ಕೈಯನ್ನು ನೋಡಿದರು. ಎಲ್ಲರಿಗಿಂತ ಮೊದಲು ಮಾತಾಡಿದವನು ಲಾರಿಯವನು.

"ಎಳೆದಿದ್ರಿ ಅಲ್ವಾ ನೀವು. ನಂಗೆ ಕೇಳಿಸ್ತು ಅವತ್ತು, ಬಡಿಯೋ ಮುಂಚೆ ಮೇಲೆ ಬ್ರೇಕ್ ಕಿರ್ರ್ ಅಂತು. ಅಷ್ಟು ಭಾರ ಎಳೆದ ತಕ್ಷಣ ನಿಲ್ಲುತ್ತಾ? ಅದನ್ನ ಯಾರೂ ನನ್ನ ಕೇಳ್ಲೇ ಇಲ್ಲ."

ಅಧಿಕಾರಿ ತಲೆಯಿಂದ ಕನ್ನಡಕ ಇಳಿಸಿಕೊಂಡು ಇಟ್ಟಿಗೆಯ ಪರದೆ ಓದಿದಳು. "ಈ ಅಕ್ಕಾ ಅಂದ್ರೆ ಏನು? ಯಾವುದಾದ್ರೂ ಭಾಗದ ಹೆಸರಾ?"

"ಅಲ್ಲ ಮೇಡಂ. ನನ್ನ ಅಕ್ಕ. ಇವರೇ." ತಂಗಿ ಪರದೆಯ ಮೇಲೆ ಬೆರಳಿಟ್ಟಳು. "ಆ ಸಾಲು ಬರೆದದ್ದು ನಾನು. ತೆಗೀಬೇಕಿತ್ತು, ಮರೆತೆ. ತಂತಿ ಅದುರಿದ್ರೆ ಚಿತ್ರ ಒಂದ್ಸಲ ಮಿಣುಕಿ ಸರಿ ಹೋಗ್ತಿತ್ತು. ಈ ಸಾಲು ಹೇಳೋಕೆ ಹೋಗಿ ನಿಂತ್ಕೊಳ್ತು. ಇವರ ತಪ್ಪು ಏನೂ ಇಲ್ಲ, ಜೋಡಿಸಿದವರದ್ದೂ ಇಲ್ಲ. ನಂದು." ಲಾರಿಯವನ ಕಡೆ ತಿರುಗಿ, "ನಿಮ್ಮ ಹೆಗಲು ಮುರಿದವಳು ನಾನೇ" ಎಂದಳು. ಅವನು ಸರಿ ಇದ್ದ ಕೈಯಿಂದ ಕೆನ್ನೆ ಕೆರೆದುಕೊಂಡ. ಅಕ್ಕ ಮಾತ್ರ ಪರದೆಯ ಮೇಲಿನ ಇಪ್ಪತ್ತು ಸಾಲುಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದುತ್ತಿದ್ದಳು.

ಹನ್ನೆರಡು ಗಂಟೆಗೆ ಅಕ್ಕನಿಗೆ ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದರು. ತಂಗಿಯ ಹೇಳಿಕೆಯನ್ನು ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ಅವಳ ಕೆಲಸ ಏನಾಗುತ್ತದೆ ಎಂದು ಅವತ್ತು ಯಾರಿಗೂ ಗೊತ್ತಿರಲಿಲ್ಲ, ಮುಖ್ಯಸ್ಥನಿಗಂತೂ ಗೊತ್ತಿರುವುದು ಸಾಧ್ಯವೇ ಇರಲಿಲ್ಲ. ಹೊರಗೆ ಓಣಿಯಂಥ ಮೊಗಸಾಲೆಯಲ್ಲಿ ಅಕ್ಕ ಮುಂದೆ, ತಂಗಿ ಗೋಡೆ ಗಡಿಯಾರ ಅಪ್ಪಿಕೊಂಡು ಹಿಂದೆ.

"ಯಂತ್ರಾನ ಎಷ್ಟು ದಿನ ಕೇಳ್ದೆ ನೀನು?" ಅಕ್ಕ ತಿರುಗದೆ ಕೇಳಿದಳು.

"ಎರಡು ದಿನ. ಕುಲುಕಿ ನೋಡ್ದೆ, ಬಿಸಿ ಮಾಡಿ ನೋಡ್ದೆ."

"ಕುಲುಕಿ ಕೇಳ್ದೆ, ಬಿಸಿ ಮಾಡಿ ಕೇಳ್ದೆ. ಸರಿಯಾಗಿ ಹೇಳೋ ತನಕ ಬಿಡ್ಲಿಲ್ಲ. ನನ್ನ ಮಾತ್ರ ಮೂರು ಪ್ರಶ್ನೆ ಕೇಳ್ದೆ, ಮೂರನೇದು ನಿದ್ದೆ ಬಂದಿತ್ತಾ ಅಂತ."

"ತಪ್ಪಾಯ್ತು ಅಕ್ಕ."

ಅಕ್ಕ ನಡೆಯುತ್ತಲೇ ಇದ್ದಳು. ಮೆಟ್ಟಿಲ ಹತ್ತಿರ ನಿಂತು ಕೇಳಿದಳು, "ಆ ಸಾಲು ತೆಗೀತೀಯಾ?"

"ಇವತ್ತೇ. ಹನ್ನೆರಡೂ ಕ್ರೇನಿಂದ."

"ತೆಗಿ. ಕರೀಬೇಕು ಅನ್ಸಿದ್ರೆ ಇಳಿದು ಬಂದು ಕರಿ. ನಾನು ಕೆಳಗಡೇನೇ ಇರ್ತೀನಲ್ಲ." ಹಾಗೆಂದು ಅವಳು ತಿರುಗಿ ನೋಡದೆ ಹೋದಳು.

ಸಾಲು ತೆಗೆದು, ವೈರಣ್ಣನ ಜೊತೆ ಹನ್ನೆರಡು ಕ್ರೇನುಗಳನ್ನೂ ಹತ್ತಿ ಇಳಿದು ತಂಗಿ ಮನೆಗೆ ಬರುವಾಗ ಬಿಸಿಲು ಇನ್ನೂ ಇತ್ತು. ಅಮ್ಮನ ದಿಂಬು ಮಹಡಿಯ ಮೆಟ್ಟಿಲ ನಟ್ಟ ನಡುವೆ ಕೂತಿತ್ತು. ನ್ಯಾಯ ಎತ್ತ ಹೋಗಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ತಂಗಿ ಮೇಲೆ ಹೋದಳು, ಗಡಿಯಾರವನ್ನು ಅಡುಗೆಕೋಣೆಯ ಮೊಳೆಗೆ ತೂಗುಹಾಕಿದಳು, ಕೂತಳು, ಎದ್ದಳು, ಮತ್ತೆ ಇಳಿದು ಬಂದಳು. ಅಕ್ಕನ ಬಾಗಿಲು ಮುಚ್ಚಿತ್ತು. ಹೊರಗೆ ಬೂಟುಗಳು ಜೋಡಿಯಾಗಿದ್ದವು.

"ಅಕ್ಕಾ," ಎಂದಳು.

ಒಂದು ಉಸಿರಿನಷ್ಟು ಹೊತ್ತು ಏನೂ ಕೇಳಿಸಲಿಲ್ಲ. ಅಷ್ಟು ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಅವಳಿಗೆ ಅಲ್ಲಿ ನಿಂತಾಗ ತಿಳಿಯಿತು.

"ಚಿಲಕ ತೆಗ್ದೇ ಇದೆ," ಎಂದಿತು ಒಳಗಿನಿಂದ ಅಕ್ಕನ ದನಿ. "ಬಾ."